ರೆಕ್ಕೆ ತುದಿಗೆ ಮಿಂಚು ಕಟ್ಟುವ ಫ್ಲ್ಯಾಶಕ್ಕ

ಶೆಡ್ಡಿನ ತಗಡಿನ ಬಾಗಿಲು ಅರ್ಧ ತೆರೆದಿದೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ, ಒಳಗಿನ ದೀಪವನ್ನು ಬೇಕೆಂದೇ ಆರಿಸಿದ್ದಾರೆ. ಕತ್ತಲಲ್ಲಿ ಎಲ್ಲೋ ಒಂದು ಸಣ್ಣ ಶಿಳ್ಳೆ ಶುರುವಾಗುತ್ತದೆ. ಸೊಳ್ಳೆ ಕಿವಿಯ ಹತ್ತಿರ ಬಂದಂತೆ ಮೊದಲು ತೆಳ್ಳಗೆ, ಆಮೇಲೆ ಇನ್ನೂ ತೆಳ್ಳಗೆ, ಮೇಲಕ್ಕೆ, ಕಿವಿಗೆ ಎಟುಕದಷ್ಟು ಮೇಲಕ್ಕೆ. ತಟ್ಟನೆ ಇಡೀ ಶೆಡ್ಡು ಬೆಳ್ಳಗಾಗಿ ಮಾಯವಾಗುತ್ತದೆ. ಆ ಒಂದು ಕ್ಷಣದಲ್ಲಿ ಕಂಡದ್ದು ಇಷ್ಟು: ಮರದ ರೆಕ್ಕೆಯೊಂದರ ತುದಿ, ಅದರ ಪಕ್ಕದಲ್ಲಿ ಮಂಡಿಯೂರಿ ಕೂತ ಹೆಂಗಸು, ಆಕೆ ಹಲ್ಲಲ್ಲಿ ಕಚ್ಚಿಕೊಂಡಿರುವ ವೈರಿನ ತುಂಡು. ಮತ್ತೆ ಕತ್ತಲು. ಮತ್ತೆ ಶಿಳ್ಳೆ.

"ಕಣ್ಣು ಮುಚ್ಕೊಳ್ಳಿ," ಎನ್ನುತ್ತಾರೆ ಆಕೆ ಪೇಪರಿನವರಿಗೆ, ವೈರನ್ನು ಬಾಯಿಂದ ತೆಗೆಯದೆಯೇ. "ಎಲ್ರಿಗೂ ನೋಡ್ಬೇಕು ಅಂತ ಆಸೆ. ಆಮೇಲೆ ಗೋಡೆ ಮೇಲೆಲ್ಲ ಹಸಿರು ಚುಕ್ಕೆ ಕಾಣ್ತಿದೆ ಅಂತ ನನ್ನೇ ಬೈತಾರೆ."

ಮೈದಾನದಲ್ಲಿ ಆಕೆಗೆ ಇರುವ ಹೆಸರು ಫ್ಲ್ಯಾಶಕ್ಕ. ಮೈದಾನವೆಂದರೆ ಊರಾಚೆಗಿನ ಒಂದು ಉದ್ದನೆಯ ಹುಲ್ಲುಪಟ್ಟಿ, ಕೆಲವು ತಗಡಿನ ಶೆಡ್ಡುಗಳು, ಗಾಳಿಯ ದಿಕ್ಕು ತೋರಿಸುವ ಬಣ್ಣಗೆಟ್ಟ ಬಟ್ಟೆಯ ಚೀಲ. ಇಲ್ಲಿಗೆ ಬರುವವರು ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳುವವರು. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಬಸ್ ಮೆಕ್ಯಾನಿಕ್, ಒಬ್ಬರು ಬೇಕರಿ ನಡೆಸುವವರು. ರಜೆಯ ದಿನ ಬಂದು ರೆಕ್ಕೆಗೆ ಪಕ್ಕೆಲುಬಿನಂಥ ಒಂದು ಮರದ ಪಟ್ಟಿ ಅಂಟಿಸಿ, ಅದು ಒಣಗುವುದನ್ನು ನೋಡುತ್ತಾ ಕೂತು, ಮನೆಗೆ ಹೋಗುತ್ತಾರೆ. ಹಾಗೆ ಕಟ್ಟಿದ ವಿಮಾನಗಳ ರೆಕ್ಕೆ ತುದಿಯಲ್ಲಿ ಮಿಂಚುತ್ತಿರಬೇಕಾದ ದೀಪಗಳನ್ನು, ಸ್ಟ್ರೋಬ್ ಲೈಟ್ ಎನ್ನುತ್ತಾರಲ್ಲ ಅವನ್ನು, ಫ್ಲ್ಯಾಶಕ್ಕ ಮನೆಯಲ್ಲಿ ಕೂತು ತಯಾರಿಸುತ್ತಾರೆ. ಕಾರ್ಖಾನೆಯ ಒಂದು ಜೋಡಿಯ ದುಡ್ಡಿಗೆ ಹಳೆಯ ಸ್ಕೂಟರ್ ಬರುತ್ತದೆ. ಇವರ ಜೋಡಿಯ ದುಡ್ಡಿಗೆ ಒಳ್ಳೆಯ ಬೂಟು ಬಂದರೆ ಹೆಚ್ಚು.

ಇಷ್ಟು ದಿನ ಆ ದೀಪಗಳು ಬೇರೆಯವರ ರೆಕ್ಕೆಯ ಮೇಲೆ ಹಾರಿವೆ. ಇವತ್ತು ಹಾರುತ್ತಿರುವುದು ಅವರ ಸ್ವಂತ ತಮ್ಮ.

ತಮ್ಮ ಬಡಗಿ. ಬೀರು, ಬಾಗಿಲು, ಮೇಜು ಮಾಡಿ ಉಳಿದ ಹೊತ್ತಿನಲ್ಲಿ ಈ ಬಿಳಿಯ ಎರಡು ಸೀಟಿನ ವಿಮಾನವನ್ನು ವರ್ಷಗಟ್ಟಲೆ ಕೂತು ಕಟ್ಟಿದ್ದಾರೆ. ಶುಭ್ರ ಆಕಾಶದಲ್ಲಿ, ಇಳಿಬಿಸಿಲಲ್ಲಿ, ಅದು ಆಗಲೇ ಹಾರಿ ಇಳಿದಿದೆ. ಆದರೆ ಬೆಳಗಿನ ಹೊತ್ತು ಹಾರಲು ಅನುಮತಿ ಇಲ್ಲ. ಬೆಳಗ್ಗೆ ಈ ಪಟ್ಟಿಯನ್ನು ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನವೂ ಬಳಸುತ್ತದೆ. ಹೋದ ವರ್ಷ ಮಂಜಿನಲ್ಲಿ ಆ ಸ್ಪ್ರೇ ವಿಮಾನವೂ ಡಾಕ್ಟರ ವಿಮಾನವೂ ಎದುರುಬದುರಾಗಿ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವಷ್ಟು ಹತ್ತಿರದಲ್ಲಿ ಹಾದುಹೋದವು. ಡಾಕ್ಟರು ಇಳಿದವರೇ ಹುಲ್ಲಿನ ಮೇಲೆ ಕೂತುಬಿಟ್ಟರು, ಮತ್ತೆ ಎದ್ದದ್ದು ಬಿಸಿಲೇರಿದ ಮೇಲೆ. ಅವತ್ತಿನಿಂದ ಮೈದಾನ ನೋಡಿಕೊಳ್ಳುವ ನಿವೃತ್ತ ಹಾರಾಟ ಶಿಕ್ಷಕರು, ಎಲ್ಲರ ಬಾಯಲ್ಲಿ ಬರೀ ಮೇಷ್ಟ್ರು, ಒಂದು ನಿಯಮ ಮಾಡಿದರು: ರೆಕ್ಕೆಯಲ್ಲಿ ಮಿಂಚಿಲ್ಲದ ವಿಮಾನ ಬೆಳಗ್ಗೆ ನೆಲ ಬಿಡುವಂತಿಲ್ಲ.

ಬೆಳಗ್ಗೆ ಬೇಡ, ಮಧ್ಯಾಹ್ನ ಹಾರಬಹುದಲ್ಲ ಎಂದು ಕೇಳಿದರೆ ಬಡಗಿ ನಗುತ್ತಾರೆ. ಮಧ್ಯಾಹ್ನದ ಗಾಳಿಗೆ ಈ ಹಗುರ ವಿಮಾನ ಗಾಳಿಪಟವಾಗುತ್ತದೆ. ಸಂಜೆ ಅಂಗಡಿ ಬಿಟ್ಟು ದಿನಾ ಬರಲಾಗದು. ಹಾರಿದರೆ ಬೆಳಗ್ಗೆ, ಇಲ್ಲದಿದ್ದರೆ ಕಟ್ಟಿದ್ದನ್ನು ನೋಡುತ್ತಾ ಕೂರಬೇಕು. ಇವತ್ತು ಮೇಷ್ಟ್ರ ಕಣ್ಣೆದುರು ದೀಪ ಹೊತ್ತಿಸಿಕೊಂಡು ಮೈದಾನವನ್ನು ಕೆಲವು ಸುತ್ತು ಹಾಕಿ ಇಳಿಯಬೇಕು. ಮೇಷ್ಟ್ರು ಒಪ್ಪಿದರೆ ಬೆಳಗು ಅವರದು.

ಫ್ಲ್ಯಾಶಕ್ಕ ಸ್ವಿಚ್ ಆರಿಸುತ್ತಾರೆ. ಕೂಡಲೇ ಏನನ್ನೂ ಮುಟ್ಟುವುದಿಲ್ಲ. ಜೇಬಿನಿಂದ ಎರಡು ವೈರು ಕಟ್ಟಿದ ಒಂದು ಬಲ್ಬು ತೆಗೆದು, ದೀಪಕ್ಕೆ ವಿದ್ಯುತ್ತು ಕೊಡುವ ಪೆಟ್ಟಿಗೆಯೊಳಗಿನ ಕೆಪ್ಯಾಸಿಟರಿಗೆ ತಾಗಿಸುತ್ತಾರೆ. ಬಲ್ಬು ಒಮ್ಮೆ ಉಸಿರೆಳೆದು ಸಾಯುತ್ತದೆ. ಸ್ವಿಚ್ ಆರಿಸಿದ ಮೇಲೂ ಆ ಡಬ್ಬಿಯಲ್ಲಿ ಮಿಂಚು ಉಳಿದಿರುತ್ತದೆ, ಕಾಯುತ್ತಾ ಕೂತಿರುತ್ತದೆ. ಹಿಂದೊಮ್ಮೆ ಇದನ್ನು ಮರೆತು ಬೆರಳಿಟ್ಟಿದ್ದರು. ಎಚ್ಚರವಾದಾಗ ಕೋಣೆಯ ಇನ್ನೊಂದು ಗೋಡೆಗೆ ಒರಗಿದ್ದರಂತೆ. ಬಲಗೈ ತೋರುಬೆರಳಿನ ಉಗುರು ಅಂದಿನಿಂದ ಏಣು ಬಿಟ್ಟುಕೊಂಡೇ ಬೆಳೆಯುತ್ತದೆ.

ಮಿಂಚಿನ ಸಹವಾಸ ಮದುವೆಗೂ ಮೊದಲಿನದು. ಹುಡುಗಿಯಾಗಿದ್ದಾಗಲೇ ಕ್ಯಾಮೆರಾ ರಿಪೇರಿಯ ಅಂಗಡಿಯೊಂದರಲ್ಲಿ ಸ್ಕ್ರೂ ಆರಿಸಿ ಕೊಡುವ ಕೆಲಸಕ್ಕೆ ಸೇರಿದವರು, ಅಲ್ಲೇ ಕೂತು ಫ್ಲ್ಯಾಶ್ ಬಿಚ್ಚುವುದು ಕಲಿತರು. ಅಂಗಡಿಯ ಯಜಮಾನ ತೀರಿಕೊಂಡ ಮೇಲೆ ರಿಪೇರಿ ಮನೆಗೇ ಬರತೊಡಗಿತು. ಆಗ ಊರಿನ ಸ್ಟುಡಿಯೊಗಳಲ್ಲಿ ಯಾವ ಫ್ಲ್ಯಾಶ್ ಸತ್ತರೂ ಇವರ ಮೇಜಿನ ಮೇಲೆ ಬಂದು ಎದ್ದು ಕೂರಬೇಕಿತ್ತು. ಮೊಬೈಲಿನಲ್ಲೇ ಕ್ಯಾಮೆರಾ ಬಂತು. ಸ್ಟುಡಿಯೊಗಳು ಒಂದೊಂದಾಗಿ ಝೆರಾಕ್ಸ್ ಅಂಗಡಿಗಳಾದವು. ಮುಚ್ಚುವಾಗ ಫ್ಲ್ಯಾಶುಗಳನ್ನು ಗುಜರಿಗೆ ಹಾಕಲು ಮನಸ್ಸಾಗದೆ ಇವರ ಮನೆಬಾಗಿಲಲ್ಲಿ ಇಟ್ಟು ಹೋದವರು ಎಷ್ಟೋ ಜನ. ಬೆಲ್ ಕೂಡ ಒತ್ತದೆ.

ಮನೆಯ ಒಳಕೋಣೆಯಲ್ಲಿ ಆ ಫ್ಲ್ಯಾಶುಗಳು ಅಟ್ಟದವರೆಗೆ ಪೇರಿಸಿ ಕೂತಿವೆ. ಅವುಗಳ ಗಾಜಿನ ಕೊಳವೆಗಳೇ ಈಗ ರೆಕ್ಕೆದೀಪಗಳ ಜೀವ. ಕೊಳವೆ, ಒಂದು ಟ್ರಾನ್ಸ್‌ಫಾರ್ಮರ್, ಕೆಪ್ಯಾಸಿಟರುಗಳು, ಇಷ್ಟನ್ನೂ ತಿಂಡಿಡಬ್ಬಿಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಹೊಂದಿಸುವ ಬಗೆಯನ್ನು ಅವರು ಕೆಡಿಸಿ ಕೆಡಿಸಿಯೇ ಕಲಿತರು. ಮೊದಲ ಪೆಟ್ಟಿಗೆ ಎಂಜಿನ್ನಿನ ನಡುಕಕ್ಕೆ ಬೆಸುಗೆ ಬಿಟ್ಟುಕೊಂಡಿತು. ಇನ್ನೊಂದರೊಳಕ್ಕೆ ನೀರು ಹೋಯಿತು. ದೀಪದ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಅಡುಗೆಮನೆಯ ಓವನ್ನಿನಲ್ಲಿ ಮೆತ್ತಗೆ ಮಾಡಿ, ತಮ್ಮ ಕೆತ್ತಿಕೊಟ್ಟ ಮರದ ಅಚ್ಚಿನ ಮೇಲೆ ಎಳೆದು ಕೂರಿಸುತ್ತಾರೆ. ಓವನ್ನಿನಲ್ಲಿ ಈಗ ಬ್ರೆಡ್ ಬಿಸಿಮಾಡಿದರೂ ಬಕೆಟ್ ತಿಂದ ರುಚಿ ಎಂಬುದು ಗಂಡನ ದೂರು. ಗಂಡ ದರ್ಜಿ. ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಇವರ ಮೇಜು. ಗಿರಾಕಿಗಳು ಬೆಳಕು ಕಂಡು ಬೆಚ್ಚಿದರೆ ಅವರು ಕತ್ತರಿ ನಿಲ್ಲಿಸದೆ ಹೇಳುತ್ತಾರೆ: "ಹೆದರ್ಬೇಡಿ. ಈ ಮನೇಲಿ ಮಿಂಚೂ ಅವಳದ್ದೇ, ಗುಡುಗೂ ಅವಳದ್ದೇ. ನಾನು ಬರೀ ಕೊಡೆ."

ಒಂದು ಜೋಡಿ ಕಟ್ಟಲು ಒಂದು ವಾರ ಹಿಡಿಯುತ್ತದೆ. ಬೆಳಗ್ಗೆ ಬಿಚ್ಚುವ ಕೆಲಸ, ಮಧ್ಯಾಹ್ನ ಬೆಸೆಯುವ ಕೆಲಸ, ಕತ್ತಲಾದ ಮೇಲೆ ಗೋಡೆಗೆ ಹೊಡೆದು ನೋಡುವ ಕೆಲಸ. ವೈರುಗಳನ್ನು ಉದ್ದಕ್ಕೆ ಕತ್ತರಿಸಿ, ತುದಿಗಳನ್ನು ಬೆಸೆದು, ಕೊಂಡವರು ಜೋಡಿಸಿಕೊಂಡರೆ ಸಾಕು ಎಂಬಂತೆ ಮಾಡಿಯೇ ಕೊಡುತ್ತಾರೆ. ಕಟ್ಟಿಕೊಟ್ಟ ಮೇಲೆ ನಿದ್ದೆ ಬರುವುದು ಕಷ್ಟ. ಫ್ಲ್ಯಾಶ್ ಕೆಟ್ಟರೆ ಒಂದು ಫೋಟೊ ಹಾಳಾಗುತ್ತಿತ್ತು, ಮದುಮಗಳ ಮುಖ ಕಪ್ಪಾಗಿ ಬರುತ್ತಿತ್ತು, ಬೈದು ಹೋಗುತ್ತಿದ್ದರು ಅಷ್ಟೆ. ಇದು ಕೆಟ್ಟರೆ ಏನಾಗುತ್ತದೆ ಎಂದು ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ಸ್ಕ್ರೂಡ್ರೈವರನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

ಹೊರಗೆ ಬೆಳಕು ಬೂದಿಯ ಬಣ್ಣದಲ್ಲಿ ಮೂಡುತ್ತಿದೆ. ವಿಮಾನವನ್ನು ಶೆಡ್ಡಿನಿಂದ ಹೊರಗೆ ತಳ್ಳುತ್ತಾರೆ. ಆಕಾಶ ತಿಳಿಯಾಗಿದೆ. ಪಟ್ಟಿಯ ಆ ತುದಿಯಾಚೆ ನದಿ ಇರುವ ಕಡೆ ಮಾತ್ರ ಮಂಜಿನ ಒಂದು ಗೆರೆ, ನೆಲಕ್ಕೆ ಅಂಟಿಕೊಂಡು ಮಲಗಿದೆ. ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡುತ್ತಾರೆ. ಸ್ಪ್ರೇ ವಿಮಾನ ಆಗಲೇ ಹೊರಟುಹೋಗಿದೆ, ಬರುವುದು ಬಿಸಿಲೇರಿದ ಮೇಲೆ. ಹಾರಬಹುದು ಎಂದು ತಲೆಯಾಡಿಸುತ್ತಾರೆ.

ಹೊರಡುವ ಮುನ್ನ ರೇಡಿಯೊ ಪರೀಕ್ಷೆ. ಎಂಜಿನ್ ಶುರುವಾಗಿದೆ, ದೀಪಗಳು ಮಿಂಚುತ್ತಿವೆ. ಮೇಷ್ಟ್ರು ರೆಕ್ಕೆಯ ಪಕ್ಕದಲ್ಲೇ ನಿಂತು ಕೈಯಲ್ಲಿರುವ ವಾಕಿಟಾಕಿಯಲ್ಲಿ ಮಾತಾಡುತ್ತಾರೆ. ಒಳಗಿನಿಂದ ಬಡಗಿ ಹೆಬ್ಬೆರಳು ಎತ್ತುತ್ತಾರೆ. ಮಾತು ಸ್ಪಷ್ಟ, ಹಿಂದೆ ಸಣ್ಣಗೆ ಟಿಕ್ ಟಿಕ್ ಅಂತ ಏನೋ ಇದೆ, ಎಂಜಿನ್ನಿನ ಪ್ಲಗ್ ಇರಬೇಕು ಎನ್ನುತ್ತಾರೆ. ಪ್ಲಗ್ಗಿನ ಕಿಡಿ ರೇಡಿಯೊದಲ್ಲಿ ಕೇಳುವುದು ಇಲ್ಲಿ ಹೊಸದಲ್ಲ. ಮೇಷ್ಟ್ರು ಒಪ್ಪುತ್ತಾರೆ. ಅಕ್ಕ ಕೂಡ ಒಪ್ಪುತ್ತಾರೆ.

ಆಮೇಲೆ ಅಕ್ಕ ರೆಕ್ಕೆಯ ಮೇಲೆ ಒಂದು ಕಾಲಿಟ್ಟು ಒಳಗೆ ಬಗ್ಗುತ್ತಾರೆ. ಎಂಜಿನ್ನಿನ ಸದ್ದಿನ ಮೇಲೆ ಕೂಗಿಯೇ ಹೇಳಬೇಕು.

"ಇಳಿದು ಎಂಜಿನ್ ನಿಲ್ಲೋವರೆಗೂ ಆ ಸ್ವಿಚ್ ಮುಟ್ಬೇಡ. ಏನೇ ಆದ್ರೂ."

"ಮುಟ್ಟಿದ್ರೆ?"

"ಮುಟ್ಟಿದ್ರೆ ಮನೆಗೆ ಬಾ, ಮುಟ್ಟಿದ ಬೆರಳು ಯಾವುದು ಅಂತ ಕೇಳ್ತೀನಿ."

ಬಡಗಿ ಎರಡೂ ಕೈ ಮೇಲೆತ್ತಿ ಶರಣಾಗುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಬಿಳಿ ವಿಮಾನ ಹುಲ್ಲಿನ ಮೇಲೆ ಕುಣಿಯುತ್ತಾ ಓಡಿ, ಕುಣಿತ ನಿಲ್ಲಿಸಿ, ಎದ್ದುಬಿಡುತ್ತದೆ.

ಮೊದಲ ಸುತ್ತು ಚೆನ್ನಾಗಿದೆ. ಪಟ್ಟಿಯ ಪಕ್ಕಕ್ಕೆ ಸಮಾನಾಂತರವಾಗಿ ಹಾರುವಾಗ ದೀಪಗಳು ಎರಡೆರಡು ಸಲ ಮಿಂಚುವುದು ಹಗಲು ಬೆಳಕಿನಲ್ಲೂ ಕಾಣುತ್ತದೆ. ಮಿಂಚು-ಮಿಂಚು, ಖಾಲಿ. ಮಿಂಚು-ಮಿಂಚು, ಖಾಲಿ. ಮೇಷ್ಟ್ರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಪರವಾಗಿಲ್ಲ ಎಂಬಂಥ ಒಂದು ಸದ್ದು ಮಾಡುತ್ತಾರೆ. ಅವರ ಹೊಗಳಿಕೆಯ ಮಿತಿ ಅದೇ. ಫ್ಲ್ಯಾಶಕ್ಕ ಶೆಡ್ಡಿನ ಮುಂದಿನ ಬಣ್ಣದ ಡಬ್ಬದ ಮೇಲೆ ಕೂತಿದ್ದಾರೆ. ಕೂತಿದ್ದಾರೆ ಎನ್ನುವುದು ಪೂರ್ತಿ ನಿಜವಲ್ಲ. ಡಬ್ಬ ಇದೆ, ಅವರೂ ಇದ್ದಾರೆ, ನಡುವೆ ಸ್ವಲ್ಪ ಗಾಳಿ ಇದೆ.

ಎರಡನೆಯ ಸುತ್ತಿಗೆ ಸೂರ್ಯ ಮೇಲೆ ಬರುತ್ತಾನೆ. ಮಲಗಿದ್ದ ಮಂಜು ಬಿಸಿಲಿನ ಶಾಖಕ್ಕೆ ಎದ್ದು ಕೂರುತ್ತದೆ. ಮೊದಲು ನದಿಯಂಚಿನ ಮರಗಳ ಕಾಲು ಕಾಣದಾಗುತ್ತದೆ, ಆಮೇಲೆ ಸೊಂಟ, ಆಮೇಲೆ ಮರಗಳೇ ಇಲ್ಲ. ನೋಡನೋಡುತ್ತಿದ್ದಂತೆ ಪಟ್ಟಿಯ ಆ ತುದಿ ಹಾಲಿನೊಳಗೆ ಅದ್ದಿದ ಹಾಗಾಗುತ್ತದೆ. ಬಿಳಿ ವಿಮಾನ ಅದರೊಳಗೆ ತಿರುಗಿ ಮಾಯವಾಗುತ್ತದೆ. ಸದ್ದು ಮಾತ್ರ ಉಳಿದಿದೆ, ಯಾವ ಕಡೆಯಿಂದ ಎಂದು ಹೇಳಲಾಗದ ಸದ್ದು.

ಮೇಷ್ಟ್ರು ವಾಕಿಟಾಕಿಯಲ್ಲಿ ಬಡಗಿಯನ್ನು ಕರೆದು, ಸಾಕು, ಈ ಸುತ್ತಿಗೇ ಇಳಿ ಎನ್ನುತ್ತಾರೆ. ಉತ್ತರವಿಲ್ಲ. ಮತ್ತೆ ಕರೆಯುತ್ತಾರೆ. ಈ ಸಲ ಬಡಗಿಯ ದನಿ ಬರುತ್ತದೆ, ಆದರೆ ಅದು ಉತ್ತರವಲ್ಲ. ಏನೂ ಕೇಳಿಸುತ್ತಿಲ್ಲ, ನೀವು ಮಾತಾಡ್ತಿದ್ದೀರಾ ಎಂದು ಅವರೇ ಕೇಳುತ್ತಿದ್ದಾರೆ. ಅವರ ಮಾತಿನ ಹಿಂದೆ ಗಟ್ಟಿಯಾಗಿ, ಕಲ್ಲು ಕುಟ್ಟಿದ ಹಾಗೆ: ಟಿಕ್-ಟಿಕ್, ಖಾಲಿ. ಟಿಕ್-ಟಿಕ್, ಖಾಲಿ.

ಫ್ಲ್ಯಾಶಕ್ಕ ಎದ್ದು ನಿಂತಿದ್ದಾರೆ.

ಪ್ಲಗ್ಗಿನ ಸದ್ದಾಗಿದ್ದರೆ ಎಂಜಿನ್ನಿನ ಜೊತೆ ಓಡಬೇಕಿತ್ತು. ಇದು ಎಂಜಿನ್ನಿನ ತಾಳವಲ್ಲ. ಇದು ಅವರ ಮನೆಯ ಹಿಂದಿನ ಕೋಣೆಯ ತಾಳ, ಅವರೇ ಕೂತು ಹೊಂದಿಸಿದ ತಾಳ. ನೆಲದ ಮೇಲೆ ಮೇಷ್ಟ್ರು ಪಕ್ಕದಲ್ಲೇ ನಿಂತು ಮಾತಾಡಿದ್ದರಿಂದ ಅವರ ದನಿ ಜೋರಾಗಿ, ಟಿಕ್ ಟಿಕ್ ಸಣ್ಣದಾಗಿ ಕೇಳಿತ್ತು. ದೂರ ಹೋದಂತೆ ದನಿ ಸಣ್ಣದಾಗಿದೆ, ಟಿಕ್ ಟಿಕ್ ಅಷ್ಟೇ ಇದೆ. ಈಗ ಅವರ ತಮ್ಮನ ಕಿವಿಯಲ್ಲಿ ಅದೊಂದೇ ಇದೆ. "ಪ್ಲಗ್ ಅಲ್ಲ," ಎನ್ನುತ್ತಾರೆ ಮೇಷ್ಟ್ರಿಗೆ. "ನನ್ನ ದೀಪ."

ಮೇಷ್ಟ್ರು ಏನಾದರೂ ಹೇಳುವ ಮೊದಲೇ ವಾಕಿಟಾಕಿಯಲ್ಲಿ ಇನ್ನೊಂದು ದನಿ. ಸ್ಪ್ರೇ ವಿಮಾನದ ಪೈಲಟ್. ಹೊಲದ ಮೇಲೂ ಮಂಜು ಬಂದಿದೆ, ಕೆಲಸ ನಿಲ್ಲಿಸಿ ವಾಪಸು ಬರುತ್ತಿದ್ದೇನೆ, ನದಿ ಕಡೆಯಿಂದ ನೇರವಾಗಿ ಇಳಿಯುತ್ತೇನೆ ಎನ್ನುತ್ತಾರೆ. ನಿಧಾನದ, ನಿದ್ದೆಗಣ್ಣಿನ ದನಿ.

ಮೈದಾನದ ಸುತ್ತ ಒಂದು ವಿಮಾನ ಇದೆ, ಚಿಕ್ಕದು, ಅದಕ್ಕೆ ರೇಡಿಯೊ ಕೇಳಿಸುತ್ತಿಲ್ಲ ಎಂದು ಮೇಷ್ಟ್ರು ಹೇಳುತ್ತಾರೆ. ನಿದ್ದೆ ಹಾರಿಹೋದ ದನಿ ಬಣ್ಣ ಯಾವುದು ಎಂದು ಕೇಳುತ್ತದೆ. ಬಿಳಿ ಎನ್ನುತ್ತಾರೆ ಮೇಷ್ಟ್ರು. ಬಿಳಿ ವಿಮಾನ, ಬಿಳಿ ಮಂಜು.

"ನಾನು ಯಾವ ಕಡೆ ತಿರುಗಲಿ?" ಎನ್ನುತ್ತಾರೆ ಪೈಲಟ್.

ಮೇಷ್ಟ್ರ ಹೆಬ್ಬೆರಳು ಗುಂಡಿಯ ಮೇಲಿದೆ. ಒತ್ತುವುದಿಲ್ಲ. ಎಡಕ್ಕೆ ಎಂದರೆ ಎಡದಲ್ಲೇ ಬಡಗಿ ಇರಬಹುದು. ಮೇಲಕ್ಕೆ ಎಂದರೆ ಮೇಲೆ ಇರಬಹುದು. ಎರಡು ವಿಮಾನಗಳೂ ಕಾಣುತ್ತಿಲ್ಲ. ಈ ಮೈದಾನದಲ್ಲಿ ಎಷ್ಟೋ ಜನರಿಗೆ ದಿಕ್ಕು ಹೇಳಿಕೊಟ್ಟ ಮನುಷ್ಯ ಈಗ ತಾವೇ ಮಂಜಿನಲ್ಲಿ ದಿಕ್ಕು ಹುಡುಕುತ್ತಿದ್ದಾರೆ.

ಆಗ ಬಡಗಿಯ ವಿಮಾನದ ಸದ್ದು ತಲೆಯ ಮೇಲೇ ಬರುತ್ತದೆ. ಮಂಜಿನ ಒಂದು ತೂತಿನಲ್ಲಿ ಅದರ ಹೊಟ್ಟೆ ಕಂಡು ಹೋಗುತ್ತದೆ. ಮೈದಾನದ ನೆತ್ತಿಯ ಮೇಲಿರುವ ಈ ಕೆಲವು ಕ್ಷಣಗಳಲ್ಲಿ ಮಾತ್ರ ಮೇಷ್ಟ್ರ ದನಿ ಆ ಟಿಕ್ ಟಿಕ್ಕನ್ನು ಮೀರಿ ಅವರಿಗೆ ತಲುಪಬಹುದು. ಒಂದೆರಡು ಪದಗಳಿಗಷ್ಟೇ ಜಾಗವಿದೆ. ಮೇಷ್ಟ್ರು ಫ್ಲ್ಯಾಶಕ್ಕನ ಕಡೆ ತಿರುಗುತ್ತಾರೆ.

"ದೀಪ ಆರಿಸು ಅನ್ಲಾ? ಆರಿಸಿದ್ರೆ ನಮ್ಮ ಮಾತು ಕೇಳುತ್ತೆ ಅವನಿಗೆ."

ಆರಿಸಿದರೆ ಕೇಳುತ್ತದೆ, ಆದರೆ ಅವನು ಯಾರಿಗೂ ಕಾಣುವುದಿಲ್ಲ. ಉರಿದರೆ ಕಾಣಬಹುದು, ಆದರೆ ಅವನಿಗೆ ಏನೂ ಕೇಳುವುದಿಲ್ಲ. ಎರಡೂ ಅವರ ಕೈಯಲ್ಲೇ ಆದದ್ದು. ಫ್ಲ್ಯಾಶಕ್ಕ ಮೇಲೆ ನೋಡುತ್ತಾರೆ. ಅಲ್ಲಿ ನೋಡಲು ಏನೂ ಇಲ್ಲ.

"ಬೇಡ," ಎನ್ನುತ್ತಾರೆ. "ಉರೀಲಿ."

ಮೇಷ್ಟ್ರು ಗುಂಡಿಯಿಂದ ಹೆಬ್ಬೆರಳು ತೆಗೆಯುತ್ತಾರೆ. ಸದ್ದು ನದಿಯ ಕಡೆ ತಿರುಗುತ್ತದೆ. ಬಡಗಿ ಇಳಿಯಲು ಬರುತ್ತಿದ್ದಾರೆ, ಸ್ಪ್ರೇ ವಿಮಾನ ಬರುತ್ತಿರುವ ಅದೇ ದಾರಿಗೆ. ಇನ್ನೊಂದು ಸದ್ದು, ದಪ್ಪನೆಯದು, ಈಗ ಬರಿಗಿವಿಗೇ ಕೇಳುತ್ತಿದೆ. ಎರಡು ಸದ್ದುಗಳೂ ಮಂಜಿನೊಳಗೆ ಒಂದರೊಳಗೊಂದು ಬೆರೆಯುತ್ತವೆ. ಏನಾದರೂ ಕಾಣುತ್ತಿದೆಯೇ ಎಂದು ಮೇಷ್ಟ್ರು ಪೈಲಟ್ಟನ್ನು ಕೇಳುತ್ತಾರೆ.

"ಇಲ್ಲ."

ಮತ್ತೆ ಕೇಳುತ್ತಾರೆ.

"ಇಲ್ಲ ಮೇಷ್ಟ್ರೇ. ಏನೂ ಇಲ್ಲ."

ಫ್ಲ್ಯಾಶಕ್ಕನ ಕೈಯಲ್ಲಿ ಸ್ಕ್ರೂಡ್ರೈವರ್ ಇದೆ. ಅದರ ಮೊನೆ ಇನ್ನೊಂದು ಅಂಗೈಗೆ ಒತ್ತಿದೆ. ಅವರಿಗೆ ಅದು ಗೊತ್ತಿಲ್ಲ.

"ಇರಿ," ಎನ್ನುತ್ತದೆ ವಾಕಿಟಾಕಿ. "ಏನೋ ಮಿನುಗ್ತಿದೆ. ಎಡಗಡೆ, ನನಗಿಂತ ಕೆಳಗೆ. ಹತ್ರ ಇದೆ. ಬಲಕ್ಕೆ ಎಳೀತಿದೀನಿ."

ದಪ್ಪ ಸದ್ದು ಒಮ್ಮೆ ಹೂಂಕರಿಸಿ ದೂರವಾಗುತ್ತದೆ. ಆಮೇಲೆ ಬಹಳ ಹೊತ್ತು ಎನಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಪಟ್ಟಿಯ ತುದಿಯಲ್ಲಿ, ಹಾಲಿನೊಳಗೆ, ವಿಮಾನಕ್ಕಿಂತ ಮೊದಲು ಎರಡು ಮಿಂಚು ಕಾಣುತ್ತವೆ. ಅವುಗಳ ನಡುವೆ ನಿಧಾನವಾಗಿ ಒಂದು ವಿಮಾನ ಮೂಡುತ್ತದೆ.

ಬಡಗಿ ಇಳಿದು ಬರುವಾಗ ನಗುತ್ತಿದ್ದಾರೆ. ಅವರಿಗೆ ಏನೂ ಗೊತ್ತಿಲ್ಲ. ರೇಡಿಯೊ ಕೆಟ್ಟಿತು, ಪ್ಲಗ್ ಬದಲಾಯಿಸಬೇಕು, ಮಂಜಿನೊಳಗೆ ದೀಪ ಮಿಂಚಿದಾಗ ಸುತ್ತಲೂ ಬೆಳ್ಳಗಾಗಿ ಹತ್ತಿಯ ಮೂಟೆಯೊಳಗೆ ಕೂತ ಹಾಗಿತ್ತು ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಸ್ವಿಚ್ಚನ್ನು ಆರಿಸಿ ನೋಡೋಣ ಅಂತ ಒಮ್ಮೆ ಕೈ ಹೋಯಿತಂತೆ. "ನಿನ್ನ ಭಯಕ್ಕೆ ವಾಪಸ್ ಬಂತು ಕಣಕ್ಕ." ಯಾರೂ ನಗದಿರುವುದು ಆಗ ಅವರ ಗಮನಕ್ಕೆ ಬರುತ್ತದೆ. ಮೇಷ್ಟ್ರು ನಡೆದದ್ದನ್ನು ಹೇಳುತ್ತಾರೆ, ಮೆಲ್ಲಗೆ, ಹವಾಮಾನ ವರದಿ ಓದುವವರಂತೆ. ಬಡಗಿ ಕೇಳುತ್ತಾ ಕೇಳುತ್ತಾ ವಿಮಾನದ ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾರೆ.

ಫ್ಲ್ಯಾಶಕ್ಕ ಅಲ್ಲಿಲ್ಲ. ಪೆಟ್ಟಿಗೆಗೆ ಬಲ್ಬು ತಾಗಿಸಿಯಾಗಿದೆ. ಎಡ ರೆಕ್ಕೆಯ ದೀಪ ಬಿಚ್ಚಿ ನೋಡಿ ಮುಚ್ಚಿಯಾಗಿದೆ. ಈಗ ಬಲ ರೆಕ್ಕೆಯದನ್ನು ಬಿಚ್ಚಿ, ಅದರ ಹಿಂಬದಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಾ ನಿಂತಿದ್ದಾರೆ.

ಪೆಟ್ಟಿಗೆ ಇರುವುದು ವಿಮಾನದ ಹೊಟ್ಟೆಯಲ್ಲಿ, ದೀಪ ಇರುವುದು ರೆಕ್ಕೆಯ ತುದಿಯಲ್ಲಿ, ನಡುವೆ ಉದ್ದನೆಯ ವೈರು. ವೈರಿನ ಮೈಮೇಲೆ ಸಣ್ಣ ತಂತಿಗಳಿಂದ ಹೆಣೆದ ಬೆಳ್ಳಿ ಬಣ್ಣದ ಜಾಲರಿ. ಒಳಗಿನ ಗಲಾಟೆ ಹೊರಗೆ ಹೋಗಿ ರೇಡಿಯೊಗೆ ಸೇರದಂತೆ ತಡೆಯುವುದು ಅದರ ಕೆಲಸ. ಆ ಜಾಲರಿಯನ್ನು ಪೆಟ್ಟಿಗೆಯ ಕಡೆ ಮಾತ್ರ ಬೆಸೆಯಬೇಕು, ದೀಪದ ಕಡೆ ಬಿಡಿಯಾಗಿ ಬಿಡಬೇಕು. ಎರಡೂ ಕಡೆ ಬೆಸೆದರೆ ಅದೇ ಇನ್ನೊಂದು ವೈರಾಗಿ, ತಡೆಯಬೇಕಾದ ಗಲಾಟೆಯನ್ನು ತಾನೇ ಸಾರಿಕೊಂಡು ಬರುತ್ತದೆ. ಎಡ ರೆಕ್ಕೆಯಲ್ಲಿ ಬಿಡಿಯಾಗಿದೆ. ಬಲ ರೆಕ್ಕೆಯಲ್ಲಿ ದೀಪದ ಬುಡಕ್ಕೆ ಬೆಸೆದಿದೆ, ಅಚ್ಚುಕಟ್ಟಾಗಿ, ಹೊಳೆಯುವ ಒಂದು ಹನಿ.

ಸ್ಟುಡಿಯೊ ಫ್ಲ್ಯಾಶಿನ ವೈರಿಗೂ ಹೀಗೇ ಜಾಲರಿ ಇರುತ್ತದೆ. ಅಲ್ಲಿ ವಿದ್ಯುತ್ತು ವಾಪಸು ಬರುವ ದಾರಿಯೇ ಆ ಜಾಲರಿ. ಎರಡೂ ಕಡೆ ಬೆಸೆಯದಿದ್ದರೆ ಫ್ಲ್ಯಾಶ್ ಹೊಡೆಯುವುದೇ ಇಲ್ಲ. ರಿಪೇರಿಗೆ ಬರುತ್ತಿದ್ದ ಫ್ಲ್ಯಾಶುಗಳಲ್ಲಿ ಅರ್ಧಕ್ಕರ್ಧ ಆ ಒಂದು ತುದಿ ಬಿಟ್ಟುಕೊಂಡೇ ಬರುತ್ತಿದ್ದವು. ಯೌವನದಿಂದ ಇಲ್ಲಿಯವರೆಗೆ ಇವರ ಕೈ ಆ ತುದಿಯನ್ನು ಬೆಸೆದಿದೆ. ವಿಮಾನಕ್ಕೆ ಬೆಸೆಯಬಾರದು ಎಂದು ತಲೆ ಕಲಿತು ಎಷ್ಟೋ ದಿನವಾಯಿತು.

"ತಲೆಗೆ ಗೊತ್ತು," ಎನ್ನುತ್ತಾರೆ. "ಕೈಗೆ ಗೊತ್ತಿಲ್ಲ. ಬಿಟ್ಟಿರೋ ತುದಿ ಕಂಡ್ರೆ ಸಾಕು, ಬೆಸೆದುಬಿಡುತ್ತೆ. ನನ್ನ ಕೇಳಲ್ಲ."

ಕತ್ತರಿ ಹಿಡಿದು ಆ ಹೊಳೆಯುವ ಹನಿಯನ್ನು ಅವರೇ ಕತ್ತರಿಸುತ್ತಾರೆ. ತುದಿಗೆ ಟೇಪು ಸುತ್ತುತ್ತಾರೆ. ಎಂಜಿನ್ ಮತ್ತೆ ಶುರು ಮಾಡಿ, ಈ ಸಲ ಮೇಷ್ಟ್ರು ವಾಕಿಟಾಕಿ ಹಿಡಿದು ಪಟ್ಟಿಯ ಇನ್ನೊಂದು ತುದಿಯವರೆಗೆ ನಡೆದುಹೋಗಿ ಅಲ್ಲಿಂದ ಮಾತಾಡುತ್ತಾರೆ. ಬಡಗಿಯ ಕಿವಿಯಲ್ಲಿ ಮಾತು ಮಾತ್ರ ಇದೆ. ಪರೀಕ್ಷೆ ನಾಳೆ ಮತ್ತೆ, ಮಂಜಿಲ್ಲದಿದ್ದರೆ ಎನ್ನುತ್ತಾರೆ ಮೇಷ್ಟ್ರು. ಫ್ಲ್ಯಾಶಕ್ಕ ದೀಪ ಆರಿಸಬೇಡ ಎಂದದ್ದು ಸರಿಯಾಯಿತು ಅಲ್ಲವೇ ಎಂದು ಕೇಳಿದರೆ ಮೇಷ್ಟ್ರು ವಾಕಿಟಾಕಿ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಆರಿಸಿದ್ದರೂ ಬದುಕುತ್ತಿದ್ದನೋ ಏನೋ, ಯಾರಿಗೆ ಗೊತ್ತು ಎಂದಷ್ಟೇ ಹೇಳಿ ತಮ್ಮ ಕೋಣೆಯ ಕಡೆ ನಡೆಯುತ್ತಾರೆ.

ಸ್ಪ್ರೇ ಪೈಲಟ್ ಇಳಿದು, ಔಷಧಿಯ ವಾಸನೆಯ ಅಂಗಿಯಲ್ಲೇ ಹುಡುಕಿಕೊಂಡು ಬರುತ್ತಾರೆ. ದಢೂತಿ ಆಸಾಮಿ. ದೀಪ ಮಾಡಿದವರು ಯಾರು ಎಂದು ಕೇಳಿ, ತೋರಿಸಿದಾಗ ಬೆರಗಾಗಿ, ವಿಮಾನ ಕಾಣಲೇ ಇಲ್ಲ, ಮಿಂಚು ಮಾತ್ರ ಕಂಡಿತು ಎನ್ನುತ್ತಾರೆ. ತಮ್ಮ ವಿಮಾನದ ಹಳೆಯ ಮಂಕು ದೀಪಗಳ ಬದಲು ಇಂಥದ್ದೇ ಒಂದು ಜೋಡಿ ಬೇಕು, ಇವತ್ತೇ ಬೇಕು. ಫ್ಲ್ಯಾಶಕ್ಕ ಈಗ ಆಗುವುದಿಲ್ಲ ಎನ್ನುತ್ತಾರೆ. ಅವರು ಬೆಲೆಯ ವಿಷಯವೆಂದು ತಿಳಿದು ಇನ್ನೂ ಹೆಚ್ಚು ಕೊಡಲು ಹೊರಡುತ್ತಾರೆ. ಅದಲ್ಲ ಎನ್ನುತ್ತಾರೆ ಫ್ಲ್ಯಾಶಕ್ಕ. ಈ ಕೈ ಒಂದು ಸಲ ಹೀಗೆ ಮಾಡಿದೆ ಎಂದರೆ ಹಿಂದೆಯೂ ಮಾಡಿರಬಹುದು. ಮೊದಲು ಕೊಂಡವರನ್ನೆಲ್ಲ ವಿಚಾರಿಸಬೇಕು.

ಶೆಡ್ಡಿನ ಹೊಸ್ತಿಲ ಮೇಲೆ ಕೂತು ಅವರು ಫೋನ್ ಹಚ್ಚುತ್ತಾರೆ. ಡಾಕ್ಟರು ಯಾರದೋ ಹಲ್ಲಿನಿಂದ ಕೈ ತೆಗೆದು ಮಾತಾಡುತ್ತಾರೆ, ಸಂಜೆಯೇ ಬಿಚ್ಚಿ ನೋಡುತ್ತೇನೆ ಎನ್ನುತ್ತಾರೆ. ಬೇಕರಿಯವರು ನನ್ನದರಲ್ಲೂ ಟಿಕ್ ಟಿಕ್ ಇದೆ, ಅದು ದೀಪ ಕೆಲಸ ಮಾಡುತ್ತಿರುವ ಗುರುತು ಎಂದುಕೊಂಡಿದ್ದೆ ಎಂದಾಗ ಫ್ಲ್ಯಾಶಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ. ಬೇರೆ ಮೈದಾನದ ಒಬ್ಬರು ಬೈಯುತ್ತಾರೆ. ಬೈಗುಳ ಆಚೆಯವರಿಗೂ ಕೇಳುವಷ್ಟು ಜೋರಾಗಿದೆ. ಫ್ಲ್ಯಾಶಕ್ಕ ಅಡ್ಡಮಾತಾಡದೆ ಅದು ಮುಗಿಯುವವರೆಗೆ ಕಾದು, ಕತ್ತರಿಸಬೇಕಾದ ತುದಿ ಯಾವುದು ಎಂದು ಮೊದಲಿಂದ ಹೇಳುತ್ತಾರೆ. ನಡುವೆ ತಮ್ಮ ಬಂದು ನೀರಿನ ಬಾಟಲಿಯನ್ನು ಪಕ್ಕದಲ್ಲಿಟ್ಟು, ಅಕ್ಕನ ಅಂಗೈಯಲ್ಲಿ ಸ್ಕ್ರೂಡ್ರೈವರಿನ ಗುರುತನ್ನು ನೋಡಿ, ಹೋಗಿ ವಿಮಾನ ಒರೆಸತೊಡಗುತ್ತಾರೆ. ಆಗಲೇ ಒರೆಸಿದ ಜಾಗವನ್ನೇ ಒರೆಸುತ್ತಿದ್ದಾರೆ.

ಕೊನೆಗೆ ಒಬ್ಬರು ಉಳಿಯುತ್ತಾರೆ. ಹೋದ ಬೇಸಿಗೆಯಲ್ಲಿ ಬೈಕಿನಲ್ಲಿ ಬಂದ ಒಬ್ಬ ಯುವಕ. ಯಾರೋ ಹೇಳಿದರು ಎಂದು ಮನೆ ಹುಡುಕಿಕೊಂಡು ಬಂದಿದ್ದ. ಹೆಸರು ಹೇಳಿದ್ದನೋ ಇಲ್ಲವೋ ನೆನಪಿಲ್ಲ. ಫೋನ್ ನಂಬರ್ ಕೇಳಲಿಲ್ಲ, ಅವನೂ ಕೊಡಲಿಲ್ಲ. ದರ್ಜಿ ಗಂಡನ ಹತ್ತಿರ ಬಟ್ಟೆಯ ಪಟ್ಟಿ ಇಸಿದುಕೊಂಡು ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು, ತನ್ನ ವಿಮಾನ ಹಳದಿ ಬಣ್ಣದ್ದು ಎಂದು ಮಾತ್ರ ಹೇಳಿ ಹೊರಟುಹೋದ. ಮೇಷ್ಟ್ರಿಗೆ ಅಂಥವನು ಗೊತ್ತಿಲ್ಲ. ಸ್ಪ್ರೇ ಪೈಲಟ್ ಹಾರುವ ಕಡೆಯೆಲ್ಲ ವಿಚಾರಿಸುವುದಾಗಿ ಹೇಳಿದ್ದಾರೆ. ಎಲ್ಲೋ ಒಂದು ಹಳದಿ ವಿಮಾನ ಇವರ ಮಿಂಚು ಹೊತ್ತು ಹಾರುತ್ತಿದೆ. ಅದರ ಜಾಲರಿ ಬಿಡಿಯಾಗಿದೆಯೋ ಬೆಸೆದಿದೆಯೋ ಯಾರಿಗೂ ತಿಳಿಯದು.

ಬಿಸಿಲು ಜೋರಾಗಿದೆ, ಮಂಜಿನ ಸುಳಿವೂ ಇಲ್ಲ. ಫ್ಲ್ಯಾಶಕ್ಕ ಫೋನನ್ನು ಮಡಿಲಲ್ಲಿಟ್ಟುಕೊಂಡು, ಇದೆಲ್ಲ ಪೇಪರಿನಲ್ಲಿ ಬರುತ್ತದಲ್ಲ ಎಂದು ಕೇಳುತ್ತಾರೆ. ಬರುತ್ತದೆ. ಹಾಗಾದರೆ ತನ್ನ ಫೋಟೊ ಬೇಡ ಎನ್ನುತ್ತಾರೆ. ಸ್ಟುಡಿಯೊದ ಕತೆ ಕಡಿಮೆ ಮಾಡಿದರೂ ಪರವಾಗಿಲ್ಲ. ಒಂದು ಮಾತು ಮಾತ್ರ ಬಿಡಬಾರದು.

"ಹಳದಿ ವಿಮಾನದವನಿಗೆ ಅಂತ ಹಾಕಿ. ದೀಪದ ಕಡೆ ತುದಿ ಬಿಚ್ಚಿ ನೋಡು. ಎರಡೂ ರೆಕ್ಕೆ. ಜಾಲರಿ ಬೆಸೆದಿದ್ರೆ ಕತ್ತರಿಸು, ಟೇಪ್ ಸುತ್ತು. ಪೆಟ್ಟಿಗೆ ಕಡೇದು ಹಾಗೇ ಇರ್ಲಿ. ಮುಟ್ಟೋ ಮುಂಚೆ ಬಲ್ಬ್ ತಾಗಿಸು." ಫೋನನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ಮಾಡೋಕೆ ಗೊತ್ತಾಗದಿದ್ರೆ ಮನೆಗೆ ಬಾ, ನಾನೇ ಮಾಡ್ಕೊಡ್ತೀನಿ. ಅಲ್ಲೀವರೆಗೆ ಹಾರಬೇಡಪ್ಪ."